ಬಾಕಿ ಇರುವ ಸರದಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅವರು ಮೊದಲ ಸಲ ನನ್ನ ಕಾರಿನಲ್ಲಿ ಕೂತ ದಿನ ಹಿಮ ಬೀಳುತ್ತಿತ್ತು ಎಂದು ನನ್ನ ನೆನಪು. ಆ ವರ್ಷದ ದಿನಚರಿ ತೆಗೆದು ನೋಡಿದರೆ ಅದು ಅಕ್ಟೋಬರ್ ತಿಂಗಳು. 'ಟ್ರಾಫಿಕ್. ತಲೆನೋವು' ಎಂದಷ್ಟೇ ಬರೆದುಕೊಂಡಿದ್ದೇನೆ. ಅಕ್ಟೋಬರಿನಲ್ಲಿ ನಾವಿರುವ ಮಾರಿಸ್‌ಟೌನಿನಲ್ಲಿ ಎಲೆ ಉದುರುತ್ತದೆ, ಹಿಮ ಬೀಳುವುದಿಲ್ಲ. ಹಾಗಾದರೆ ಈ ಹಿಮ ಎಲ್ಲಿಂದ ಬಂತು? ಅವರ ಮಾತಿನಿಂದ ಬಂದಿರಬೇಕು. ಆ ದಿನ ಅವರು ಹೇಳಿದ ಮಾತಿನಲ್ಲಿ ಒಂದು ಬೀದಿ ಇತ್ತು, ಬೀದಿಯ ತುಂಬ ಹಿಮ ಇತ್ತು, ಹಿಮದಲ್ಲಿ ನಿಂತು ಸುಟ್ಟ ಗೆಣಸು ಮಾರುವವನೊಬ್ಬ ಇದ್ದ. ಆ ಬೀದಿಯ ಹಿಮ ಈಗ ನನ್ನ ವಿಂಡ್‌ಶೀಲ್ಡಿನ ಮೇಲೆ ಬೀಳುತ್ತಿದೆ. ಇಂಥ ನೆನಪನ್ನು ನಂಬಿಕೊಂಡು ಬರೆಯುತ್ತಿದ್ದೇನೆ.

ಇನ್ನೊಂದು ತೊಡಕು ಇದೆ. ನಾವಿಬ್ಬರೂ ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಅವರದು ಚೀನಾದ ಒಂದು ಊರಿನ ಇಂಗ್ಲಿಷ್, ನನ್ನದು ಮಂಡ್ಯದ ಇಂಗ್ಲಿಷ್. ಇಲ್ಲಿ ಅವರ ಮಾತನ್ನು ಕನ್ನಡದಲ್ಲಿ ಬರೆಯುವಾಗ ನನಗೆ ಬೇಕಾದ ಹಾಗೆ ಆಡಿಸುತ್ತಿದ್ದೇನೆಯೇ ಎಂಬ ಅನುಮಾನ ನನ್ನನ್ನು ಬಿಡುವುದಿಲ್ಲ. ಚೀನೀ ಮಾತುಗಳನ್ನು ಮಾತ್ರ ಕೇಳಿಸಿದ ಹಾಗೆಯೇ ಬರೆದಿದ್ದೇನೆ. ಕೇಳಿಸಿದ್ದು ಸರಿಯೋ ಇಲ್ಲವೋ ತಿದ್ದಲು ಅವರಿಲ್ಲ.

ಹೆಸರು ಬೇಡ. ಆಫೀಸಿನಲ್ಲಿ ಅವರಿಗೊಂದು ಇಂಗ್ಲಿಷ್ ಹೆಸರಿತ್ತು. ಅದನ್ನು ಲ್ಯಾಬ್ ಕೋಟಿನ ಹಾಗೆ ಬೆಳಿಗ್ಗೆ ತೊಟ್ಟು ಸಂಜೆ ಕಳಚಿಡುತ್ತಿದ್ದರು. ಕಳಚಿದ ಮೇಲಿನ ಹೆಸರನ್ನು ನನ್ನ ನಾಲಿಗೆ ಒಮ್ಮೆಯೂ ಸರಿಯಾಗಿ ಹೇಳಲಿಲ್ಲ.

ನಮ್ಮದು ಬಾಸ್ಕಿಂಗ್ ರಿಡ್ಜ್ ಕಡೆಯ ಒಂದು ಕಂಪನಿ. ರುಚಿ ತಯಾರಿಸುವ ಕಂಪನಿ. ಸ್ಟ್ರಾಬೆರಿಯನ್ನೇ ಕಾಣದ ಮೊಸರಿನಲ್ಲಿ ಸ್ಟ್ರಾಬೆರಿ ರುಚಿ ಇರುತ್ತದಲ್ಲ, ಮಕ್ಕಳ ಕೆಮ್ಮಿನ ಔಷಧಿಯಲ್ಲಿ ಕಿತ್ತಳೆ ಇರುತ್ತದಲ್ಲ, ಅಂಥವು. ನಾನು ಅಲ್ಲಿ ಅಂಕಿ-ಅಂಶ ನೋಡುವವಳು. ಅವರು ರುಚಿ ನೋಡುವವರ ತಂಡದ ಮುಖ್ಯಸ್ಥೆ. ಸಣ್ಣ ಸಣ್ಣ ಗೂಡುಗಳಲ್ಲಿ ಒಬ್ಬೊಬ್ಬರು ಕೂರುತ್ತಾರೆ. ಬಣ್ಣ ನೋಡಿ ಮೋಸ ಹೋಗಬಾರದೆಂದು ಕೆಂಪು ದೀಪ ಹಾಕಿರುತ್ತಾರೆ. ಕಿಟಕಿಯಿಂದ ಪುಟ್ಟ ಲೋಟ ಬರುತ್ತದೆ. ಬಾಯಿಗೆ ಹಾಕಿಕೊಂಡು, ಹೊರಳಿಸಿ, ಕಾಗದದ ಕಪ್ಪಿಗೆ ಉಗುಳಿಬಿಡಬೇಕು. ಆಮೇಲೆ ಒಂದು ಗುಟುಕು ನೀರು, ಒಂದು ಚೂರು ಉಪ್ಪಿಲ್ಲದ ಬಿಸ್ಕತ್ತು. ಬಾಯಿ ಮತ್ತೆ ಖಾಲಿ ಆಗಬೇಕು. ಮತ್ತೆ ಇನ್ನೊಂದು ಲೋಟ.

ಆ ಕೋಣೆಯಲ್ಲಿ 'ಚೆನ್ನಾಗಿದೆ' ಅನ್ನುವ ಹಾಗಿಲ್ಲ. 'ಇಷ್ಟ', 'ಬೇಕು', 'ಇನ್ನೊಂದು ಸ್ವಲ್ಪ' ಯಾವುದೂ ಇಲ್ಲ. ಸಿಹಿ ಎಷ್ಟು, ಕಹಿ ಯಾವಾಗ ಬಂತು, ಯಾವಾಗ ಹೋಯಿತು, ಅಷ್ಟೇ. ಒಮ್ಮೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ದಾಲ್ಚಿನ್ನಿಯ ಮಾದರಿಯೊಂದನ್ನು ಬಾಯಿಗಿಟ್ಟು, "ಓ, ಇದು ನಮ್ಮಜ್ಜಿ ಮಾಡ್ತಿದ್ದ ಹಾಗೇ ಇದೆ!" ಎಂದು ಕೂಗಿದಳು. ಇವರು ಗೂಡಿನ ಬಾಗಿಲಿಗೆ ಹೋಗಿ ಮೆಲ್ಲಗೆ ಹೇಳಿದರು: "ಅಜ್ಜಿಯನ್ನ ಲಾಬಿಯಲ್ಲಿ ಕೂರಿಸಿ ಬಾ. ಅವರಿಗೆ ಬ್ಯಾಡ್ಜ್ ಇಲ್ಲ." ಇಡೀ ಲ್ಯಾಬು ನಕ್ಕಿತು. ಅವರು ನಗಲಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ರುಚಿ ನೋಡಿ ಉಗುಳಿದ್ದರು. ನುಂಗಿದ್ದನ್ನು ಯಾರೂ ನೋಡಿರಲಿಲ್ಲ.

ಕಣ್ಣಿನ ಆಪರೇಷನ್ ಆದ ಮೇಲೆ ಅವರು ಹೈವೇಯಲ್ಲಿ ಡ್ರೈವ್ ಮಾಡುವುದನ್ನು ಬಿಟ್ಟರು. ಆಗ ಎಪ್ಪತ್ತರ ಹತ್ತಿರ ಇದ್ದಿರಬೇಕು. ಗಂಡ ತೀರಿಕೊಂಡಿದ್ದರು, ಮಗಳು ಕ್ವೀನ್ಸಿನಲ್ಲಿ ಇದ್ದಳು. ಮನೆ ನಮ್ಮದರಿಂದ ಎರಡು ಬೀದಿ ಆಚೆ. ಹೀಗೆ ನನ್ನ ಕಾರಿಗೆ ಬಂದರು, ರಿಟೈರ್ ಆಗುವ ತನಕ ಬಂದರು.

ಲ್ಯಾಬಿನ ಬಾಗಿಲು ದಾಟಿ, ಸೀಟ್ ಬೆಲ್ಟ್ ಹಾಕಿಕೊಂಡು, ಪಾರ್ಕಿಂಗ್ ಲಾಟಿನ ತಿರುವು ಕಳೆಯುತ್ತಲೇ ಅವರು ಮೊಣಕಾಲಿಗೆ ಒಂದು ಏಟು ಹಾಕಿಕೊಂಡು "ಛಾನ್!" ಅನ್ನುತ್ತಿದ್ದರು. ಮೊದಲ ದಿನ ನಾನು ಬ್ರೇಕ್ ಒತ್ತಿಬಿಟ್ಟೆ.

"ಏನಾಯ್ತು?"

"ಏನಿಲ್ಲ, ನೀನು ನಡಿ. ಹುಳ ಎದ್ದಿತು."

ಹೊಟ್ಟೆಯೊಳಗೆ ಒಂದು ಹುಳ ಇರುತ್ತದಂತೆ. ಛಾನ್ ಛೋಂಗ್. ಆಸೆಯ ಹುಳ. ನಮಗೆ ಬೇಕಾಗಿ ಕೇಳುವುದಲ್ಲ, ಅದು ನಮ್ಮ ಬಾಯಿಂದ ಕೇಳಿಸುತ್ತದೆ. ಸುಮ್ಮನೆ ಆಸೆಯಾದರೆ ಛಾನ್. ತಡೆಯಲಾರದಷ್ಟು ಆಸೆಯಾದರೆ ಛಾನ್ ಸ್ಸ ಲ, ಅಂದರೆ ಆಸೆಯಿಂದ ಪ್ರಾಣ ಹೋಯಿತು ಅಂತ. ತಿಂದು ಆಸೆ ತೀರಿದರೆ ಜ್ಯೆ ಛಾನ್, ಗಂಟು ಬಿಚ್ಚಿದ ಹಾಗೆ. ತಿನ್ನುವುದಕ್ಕೆ 'ಛಿ' ಅನ್ನುತ್ತಾರೆ. ಏನು ತಿನ್ನಬೇಕು ಅನ್ನಿಸುತ್ತಿದೆ ಎಂದು ಮನೆಯವರನ್ನು ಕೇಳುವಾಗ, "ಶ್ಯಾಂಗ್ ಛಿ ಶಾ?" ಅಂಗಡಿಗೆ ಹೊರಟವರು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತು ಕೇಳುವ ಮಾತು ಅದು ಎಂದರು.

ನಾನು ನನ್ನ ಕಡೆಯಿಂದ 'ಬಾಯಿ ಚಪಲ' ಕೊಟ್ಟೆ. ಅವರು 'ಛಪಲಾ' ಎಂದು ಎರಡು ಸಲ ಹೇಳಿ ನೋಡಿದರು.

"ನಮ್ಮಲ್ಲಿ ಅದು ಒಂಥರಾ ಬೈಗುಳ," ಅಂದೆ. "ಅವಳಿಗೆ ಬಾಯಿ ಚಪಲ ಅಂದರೆ ಒಳ್ಳೇ ಮಾತಲ್ಲ. ಅದರಲ್ಲೂ ಹೆಂಗಸರಿಗೆ."

"ನಮ್ಮಲ್ಲೂ ಬೈಗುಳವೇ. ಆದರೆ ಬೈಯುವವರ ಬಾಯಲ್ಲೂ ನೀರು ಬಂದಿರುತ್ತೆ, ಅದಕ್ಕೇ ಬೈಯುವುದು." ಆಮೇಲೆ ಹೇಳಿದರು: "ಹಸಿವು ಹೊಟ್ಟೆಯದು. ಛಾನ್ ಬಾಯಿಯದು. ಹೊಟ್ಟೆ ಸುಮ್ಮನಾದರೆ ಒಳ್ಳೆಯದು. ಬಾಯಿ ಸುಮ್ಮನಾದರೆ ಹೆದರಬೇಕು."

ಆ ಮಾತನ್ನು ನಾನು ಆಗ ಒಂದು ಜಾಣ ಮಾತು ಎಂದುಕೊಂಡೆ, ಅಷ್ಟೇ.

ಆಮೇಲೆ ಶುರುವಾಗುತ್ತಿತ್ತು. ಹಿಮದ ಬೀದಿಯ ಸುಟ್ಟ ಗೆಣಸು. ಸಿಪ್ಪೆ ಕರಕಲಾಗಿ, ಒಳಗಿನ ಜೇನು ಸಿಪ್ಪೆಯ ಹೊರಗೆ ಸೋರಿ ಅಂಟಾಗಿರಬೇಕು. ಬಿಳಿ ಹಿಟ್ಟಿನ ಹಬೆಯ ಬನ್ನು, ಹರಿದಾಗ ಎಳೆ ಎಳೆಯಾಗಿ ಬಿಡಬೇಕು. ಕಡ್ಡಿಗೆ ಚುಚ್ಚಿ ಸಕ್ಕರೆ ಪಾಕದಲ್ಲಿ ಅದ್ದಿದ ಹುಳಿ ಹಣ್ಣು, ಹಲ್ಲಿಗೆ ಸಿಕ್ಕರೆ ಗಾಜು ಒಡೆದ ಸದ್ದಾಗಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಬಿಸಿ ಅನ್ನಕ್ಕೆ ಹಂದಿಕೊಬ್ಬು ಹಾಕಿ, ಅದು ಕರಗುವುದನ್ನು ನೋಡುತ್ತಾ ಕೂತು, ನಾಲ್ಕು ತೊಟ್ಟು ಸೋಯಾ ಸಾಸ್ ಬಿಟ್ಟು ಕಲಸಿದ್ದು. ಅದನ್ನು ಹೇಳುವಾಗ ಅವರ ಬಲಗೈ ಮಡಿಲಲ್ಲಿ ಕಲಸುತ್ತಿತ್ತು. ನಾನು ಹಂದಿ ಮಾಂಸವನ್ನು ಬಾಯಿಗಿಟ್ಟವಳಲ್ಲ. ಆದರೂ ನನ್ನ ಬಾಯಲ್ಲಿ ನೀರು ಬಂದದ್ದು ಅವರಿಗೆ ಕೇಳಿಸಿಬಿಡುತ್ತಿತ್ತು. "ನುಂಗಿದೆ! ಸೋತೆ!" ಎಂದು ಚಪ್ಪಾಳೆ ತಟ್ಟುತ್ತಿದ್ದರು.

ವಿಚಿತ್ರ ಅಂದರೆ ಇದ್ಯಾವುದನ್ನೂ ಅವರು ತಿನ್ನುತ್ತಿರಲಿಲ್ಲ. ಮಧ್ಯಾಹ್ನಕ್ಕೆ ದಿನಾ ಅದೇ ಸ್ಟೀಲ್ ಫ್ಲಾಸ್ಕಿನ ತೆಳು ಗಂಜಿ, ಬೇಯಿಸಿದ ಸಾಸಿವೆ ಸೊಪ್ಪು. ಲ್ಯಾಬಿನಲ್ಲಿ ಉಳಿದ ಸಪ್ಪೆ ಬಿಸ್ಕತ್ತುಗಳನ್ನು ಟಿಶ್ಯೂವಿನಲ್ಲಿ ಸುತ್ತಿ ಹ್ಯಾಂಡ್‌ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದರು. ಯಾರಿಗೆ ಎಂದು ನಾನು ಕೇಳಲಿಲ್ಲ. ಪಾರ್ಕಿನ ಹಕ್ಕಿಗಳಿಗಿರಬಹುದು ಎಂದುಕೊಂಡಿದ್ದೆ.

ಒಂದು ಶನಿವಾರ ನಾನು ಕ್ವೀನ್ಸಿನ ಬೆಲ್‌ರೋಸಿಗೆ ಅವರೆಕಾಳು ತರಲು ಹೊರಟಿದ್ದೆ. ಮಗಳ ಮನೆ ಅಲ್ಲೇ ಹತ್ತಿರ ಎಂದು ಅವರೂ ಬಂದರು. ದಾರಿಯಲ್ಲಿ ಒಂದು ಚೀನೀ ಅಂಗಡಿ. ಬಾಗಿಲ ಪಕ್ಕದಲ್ಲೇ ಬಿಸಿ ಪೆಟ್ಟಿಗೆಯಲ್ಲಿ ಸುಟ್ಟ ಗೆಣಸು ಸಾಲಾಗಿ ಮಲಗಿದ್ದವು, ಸಿಪ್ಪೆ ಕರಕಲು, ಜೇನು ಸೋರಿತ್ತು. ಎಲ್ಲಾ ಅವರು ಹೇಳಿದ ಹಾಗೆಯೇ. ನಾನೇ ಒಂದನ್ನು ಎತ್ತಿ ಕೈಗೆ ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದುಕೊಂಡರು. ಕೆನ್ನೆಗೆ ಒತ್ತಿಕೊಂಡರು. ಮತ್ತೆ ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟರು.

"ಯಾಕೆ?"

"ಇವತ್ತು ಬೇಡ."

ಶುಗರ್ ಇರಬೇಕು ಎಂದುಕೊಂಡೆ.

ಗೊತ್ತಾದದ್ದು ಒಂದು ಚಳಿಗಾಲದ ಸಂಜೆ. ಆ ದಿನವಾದರೂ ಹಿಮ ಇತ್ತು ಎಂಬುದು ಖಚಿತ, ಏಕೆಂದರೆ ಮುಂದೆಲ್ಲೋ ಟ್ರಕ್ ಜಾರಿ ಅಡ್ಡ ನಿಂತು ೨೮೭ ಹೈವೇ ಪೂರ್ತಿ ನಿಂತುಹೋಗಿತ್ತು. ಕೆಂಪು ದೀಪಗಳ ಸಾಲು. ನನಗೆ ಮಧ್ಯಾಹ್ನ ಊಟ ತಪ್ಪಿತ್ತು. "ಹೊಟ್ಟೆ ಚುರುಗುಟ್ಟುತ್ತಿದೆ" ಎಂದೆ. ಅವರು ಬ್ಯಾಗಿನಿಂದ ಟಿಶ್ಯೂ ಬಿಚ್ಚಿ ಒಂದು ಸಪ್ಪೆ ಬಿಸ್ಕತ್ತು ಕೊಟ್ಟರು.

"ಸರಿಯಾಗಿ ಆಟ ಆಡೋಣ ಇವತ್ತು," ಅಂದರು. "ನೀನೊಂದು ಹೇಳು, ನಾನೊಂದು ಹೇಳ್ತೀನಿ. ಸುಮ್ಮನೆ ಹೆಸರು ಹೇಳಿದರೆ ಆಗೋಲ್ಲ. ಪೂರ್ತಿ ಬಡಿಸಬೇಕು. ಯಾರು ಮೊದಲು ನುಂಗ್ತಾರೋ ಅವರು ಸೋತ ಹಾಗೆ. ನನ್ನ ಅಕ್ಕ ಒಂದು ಸಲವೂ ಸೋಲುತ್ತಿರಲಿಲ್ಲ."

ಅಕ್ಕನ ವಿಷಯ ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಅವರ ಊರು ಹಳದಿ ನದಿಯ ಬಯಲಿನ ಕಡೆ. ಅವರು ಹುಡುಗಿಯಾಗಿದ್ದಾಗ ಚೀನಾವನ್ನು ಕಾಡಿದ ಕ್ಷಾಮದ, ಆ ಹಸಿವಿನ ವರ್ಷಗಳ ಬಗ್ಗೆ ನಾನು ಅಲ್ಲಿ ಇಲ್ಲಿ ಓದಿದ್ದೆ. ಅವರು ಅವುಗಳ ಬಗ್ಗೆ ಹೇಳಿದ್ದು ಇಷ್ಟೇ. ಕತ್ತಲಾಗುತ್ತಲೇ ಅಕ್ಕ ತಂಗಿ ಒಂದೇ ರಜಾಯಿಯೊಳಗೆ ಸೇರಿಕೊಳ್ಳುತ್ತಿದ್ದರು. ತಿನ್ನಲು ಇಲ್ಲದ್ದರಿಂದ ಬಾಯಲ್ಲೇ ಊಟ. ಅಕ್ಕ ಒಂದು ಬಡಿಸುವಳು, ಇವರೊಂದು ಬಡಿಸುವರು. ಒಂದು ಸಂಜೆ ಅಕ್ಕ ಹಂದಿಕೊಬ್ಬಿನ ಅನ್ನ ಬಡಿಸಿದಳು. ನಿಧಾನಕ್ಕೆ, ಕೊಬ್ಬು ಪೂರ್ತಿ ಕರಗುವ ತನಕ. ಇವರ ಸರದಿ ಬಂತು.

"ಅವಳದಕ್ಕಿಂತ ದೊಡ್ಡದು ಹೇಳಬೇಕು ಅಂತ ನನಗೆ ಹಟ. ಯೋಚಿಸಿದೆ, ಯೋಚಿಸಿದೆ. ಹೊಳೀತು. ಎಷ್ಟು ಖುಷಿಯಾಯ್ತು ಗೊತ್ತಾ? ಹೇಳೋಣ ಅಂತ ತಿರುಗಿದೆ. ಅವಳ ಬಾಯಿ ಸುಮ್ಮನಾಗಿತ್ತು. ನಿದ್ದೆ ಬಂದಿದೆ, ನಾಳೆ ಹೇಳೋಣ ಅಂದುಕೊಂಡೆ."

ಮುಂದಿನ ಕಾರು ಸ್ವಲ್ಪ ಸರಿಯಿತು. ನಾನು ಸರಿಸಲಿಲ್ಲ. ಹಿಂದಿನವನು ಹಾರ್ನ್ ಮಾಡಿದ.

"ಹಾಗಾದರೆ ನೀವು ದಿನಾ ಹೇಳೋದು, ಗೆಣಸು, ಬನ್ನು..."

"ಎಲ್ಲಾ ಅವಳದ್ದೇ. ಅವಳ ಹುಳ ನನ್ನ ಹತ್ತಿರ ಬಂತು, ಮತ್ತೆಲ್ಲಿಗೆ ಹೋಗುತ್ತೆ? ಅದು ಕೇಳಿದ್ದನ್ನ ಹೇಳ್ತೀನಿ. ತಿನ್ನೋದು ಸರಿಯಲ್ಲ. ಅವಳು ತಿಂದಿಲ್ಲ."

"ನಿಮಗೆ ಹೊಳೆದದ್ದು ಏನು?"

ಅವರು ಕಿಟಕಿಯ ಕಡೆ ನೋಡಿದರು. "ಅದು ಅವಳಿಗೆ ಹೇಳಬೇಕಾದದ್ದು. ನನ್ನ ಸರದಿ ಇನ್ನೂ ಬಾಕಿ ಇದೆ."

ಇದನ್ನೆಲ್ಲ ಅವರು ಹೀಗೆಯೇ ಹೇಳಿದರೇ? ಆ ದಿನದ ಪುಟ ನನ್ನ ದಿನಚರಿಯಲ್ಲಿ ಖಾಲಿ ಇದೆ. ಟ್ರಾಫಿಕ್ ಇದ್ದರೆ ಟ್ರಾಫಿಕ್ ಎಂದು ಬರೆಯುವವಳು ಅಂದು ಏನೂ ಬರೆದಿಲ್ಲ. ಹುಳ ಬಂದು ಸೇರಿತು ಎಂಬ ಮಾತು ಅವರದೋ, ಆಮೇಲೆ ನಾನು ಸೇರಿಸಿದ್ದೋ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. 'ಸರದಿ ಬಾಕಿ ಇದೆ' ಎಂದದ್ದು ಮಾತ್ರ ನಿಜ. ಅದನ್ನು ಹೇಳುವಾಗ ಅವರ ಉಸಿರು ಗಾಜಿನ ಮೇಲೆ ಮಂಜು ಕಟ್ಟಿತು, ಅದನ್ನು ತೋಳಿನಿಂದ ಒರೆಸಿದರು.

ರಿಟೈರ್ ಆದ ದಿನ ಆಫೀಸಿನವರು ಊಟ ಏನು ತರಿಸೋಣ ಎಂದು ಅವರನ್ನೇ ಕೇಳಿದರು. "ಎನಿಥಿಂಗ್ ಈಸ್ ಫೈನ್," ಅಂದರು. ಕೇಕ್ ಬಂತು, ನಮ್ಮದೇ ಕಂಪನಿಯ ಸ್ಟ್ರಾಬೆರಿ ರುಚಿಯದು. ಒಂದು ತುತ್ತು ಬಾಯಿಗಿಟ್ಟು, ಅಭ್ಯಾಸ ಬಲದಿಂದ ಉಗುಳುವ ಕಪ್ಪಿಗಾಗಿ ಸುತ್ತ ನೋಡಿದರು. ಎಲ್ಲರೂ ಗೊಳ್ಳೆಂದು ನಕ್ಕೆವು. ಅವರು ನುಂಗಿದರು. ನುಂಗಿದ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ, ಏನೋ ಕದ್ದವರ ಹಾಗೆ.

ಅದಾದ ಮೇಲೆ ನಮ್ಮ ಭೇಟಿ ಕಡಿಮೆಯಾಯಿತು. ಒಂದು ಬೇಸಿಗೆಯಲ್ಲಿ ಅವರ ಮಗಳ ಫೋನ್ ಬಂತು. ಕಾಯಿಲೆ ಕರುಳಿನಿಂದ ಶುರುವಾಗಿ ಎಲ್ಲ ಕಡೆ ಹರಡಿತ್ತು. ಮಗಳು ಕೆಲಸಕ್ಕೆ ರಜೆ ಹಾಕಿ ಅಮ್ಮನ ಮನೆಗೇ ಬಂದಿದ್ದಳು.

"ಅಮ್ಮ ಏನೂ ಕೇಳ್ತಾ ಇಲ್ಲ," ಅಂದಳು. "ಡಾಕ್ಟರ್ ಏನು ಬೇಕಾದರೂ ಕೊಡಿ ಅಂದಿದ್ದಾರೆ. ಆದರೆ ಏನು ಇಷ್ಟ ಅಂತ ನನಗೇ ಗೊತ್ತಿಲ್ಲ. ನನ್ನ ಮುಂದೆ ಒಂದು ದಿನವೂ ಇದು ಬೇಕು ಅಂದವಳಲ್ಲ. ನಿಮ್ಮ ಕಾರಿನಲ್ಲಿ ಏನೇನೋ ಹೇಳ್ತಾ ಇದ್ದಳಂತೆ. ಏನು ಹೇಳ್ತಾ ಇದ್ದಳು?"

ನನಗೆ ಗೊತ್ತಿದ್ದನ್ನೆಲ್ಲ ಹೇಳಿದೆ. ಅದು ಅಕ್ಕನದು ಎಂಬುದನ್ನೂ ಹೇಳಿದೆ. ಅಮ್ಮನಿಗೆ ಒಬ್ಬ ಅಕ್ಕ ಇದ್ದದ್ದೇ ಮಗಳಿಗೆ ಗೊತ್ತಿರಲಿಲ್ಲ. ಆದರೂ ಪಾಪ, ಎಲ್ಲವನ್ನೂ ತಂದಳು. ಗೆಣಸು, ಬನ್ನು, ಪಾಕದ ಹಣ್ಣು. ಅವರು ಒಂದೊಂದನ್ನೂ ಮೂಸಿ, ಮಗಳ ಕೈ ಸವರಿ, ಪಕ್ಕಕ್ಕಿಟ್ಟರಂತೆ.

ನಾನು ಹೋದಾಗ ಮಧ್ಯಾಹ್ನದ ಬಿಸಿಲು ಹಾಲ್ ತುಂಬ ಬಿದ್ದಿತ್ತು. ಸೋಫಾ ಇದ್ದ ಜಾಗದಲ್ಲಿ ಆಸ್ಪತ್ರೆಯ ಮಂಚ. ದೇಹ ಹಗುರಾಗಿ ಹೊದಿಕೆಯೊಳಗೆ ಯಾರೂ ಇಲ್ಲದ ಹಾಗೆ ಕಾಣುತ್ತಿತ್ತು. ನಾನು ಹತ್ತಿರ ಕೂತು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತವರ ಧಾಟಿಯಲ್ಲಿ ಕೇಳಿದೆ: "ಶ್ಯಾಂಗ್ ಛಿ ಶಾ?"

ನನ್ನ ಉಚ್ಚಾರಣೆಗೆ ನಕ್ಕರು. "ಝ್ವೇ ಲಿ ಮೇ ವೇರ್," ಅಂದರು. ಬಾಯಿ ಸಪ್ಪೆ, ಬಾಯಿಗೆ ರುಚಿಯೇ ಇಲ್ಲ ಅಂತ. ಆಮೇಲೆ ಕಣ್ಣಿನಲ್ಲಿ ಸ್ವಲ್ಪ ತುಂಟತನ ಬಂತು. "ಆಟ ಆಡೋಣ. ಮೊದಲು ನೀನು."

ನಾನು ಬಡಿಸಿದೆ. ಸಂಕ್ರಾಂತಿಗೆ ಮುಂಚಿನ ಅವರೆಕಾಯಿ. ಸುಲಿದರೆ ಬೆರಳಿಗೆ ಅಂಟುವ ಸೊಗಡು, ಎಷ್ಟು ತೊಳೆದರೂ ಹೋಗದ್ದು. ರಾತ್ರಿ ನೆನೆಹಾಕಿ ಬೆಳಿಗ್ಗೆ ಹಿತುಕಿದ ಬೇಳೆ, ಮಣೆಯ ಮೇಲೆ ಕೂತ ಹೆಂಗಸರ ನಡುವೆ ಹಾರಿ ಬೀಳುವುದು. ಸಾರು ಕುದಿಯುವಾಗಿನ ಬೆಳ್ಳುಳ್ಳಿ ವಾಸನೆ. ಮುದ್ದೆಯನ್ನು ಮುರಿದು, ಗುಳಿ ಮಾಡಿ, ಅದ್ದಿ, ಅಗಿಯದೆ ನುಂಗುವುದು. ಅವರು ಕಣ್ಣು ಮುಚ್ಚಿ ಕೇಳಿದರು. ಗಂಟಲು ಒಮ್ಮೆ ಅಲ್ಲಾಡಿತು.

"ನುಂಗಿದಿರಿ, ಸೋತಿರಿ," ಅಂದೆ. "ಈಗ ನಿಮ್ಮ ಸರದಿ. ಅಕ್ಕನದು ಬೇಡ. ನಿಮ್ಮದು."

ತುಟಿಗಳು ಬಿಚ್ಚಿಕೊಂಡವು. ಏನೋ ಹೇಳಲು ಹೊರಟರು ಎಂದೇ ನನ್ನ ನೆನಪು. ಉಸಿರಾಡಲು ತೆರೆದದ್ದೂ ಇರಬಹುದು. ಮಗಳು ಮಗ್ಗುಲು ಬದಲಿಸಲು ಬಂದಳು. ಅದು ಮುಗಿಯುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತ್ತು. ಎಬ್ಬಿಸುವುದು ಬೇಡ, ನಾಳೆ ಬರುತ್ತೇನೆ ಎಂದು ಮಗಳಿಗೆ ಹೇಳಿ ಎದ್ದೆ. ಕಾರಿನಲ್ಲಿ ಕೂತು ಸೀಟ್ ಬೆಲ್ಟ್ ಹಾಕಿಕೊಳ್ಳುವಾಗ ನಾನೂ 'ನಾಳೆ' ಎಂದೇ ಹೇಳಿ ಬಂದದ್ದು ಹೊಳೆಯಿತು.

ಮರುದಿನ ಹೋದೆ. ನಿದ್ದೆಯಲ್ಲೇ ಇದ್ದರು. ಆಮೇಲೆ ಎಚ್ಚರವಾಗಲಿಲ್ಲ.

ಆಮೇಲಿನದನ್ನು ಯಾರಿಗೂ ಹೇಳಿಲ್ಲ. ಪಾರ್ಕಿಂಗ್ ಲಾಟಿನ ತಿರುವು ಕಳೆಯುತ್ತಲೇ ನನ್ನ ಬಾಯಲ್ಲಿ ನೀರು ಬರುತ್ತದೆ. ಏನು ತಿನ್ನುವ ಆಸೆ ಎಂದು ನಾಲಿಗೆಯನ್ನು ಕೇಳಿಕೊಂಡರೆ, ಬಿಸಿ ಅನ್ನದ ಮೇಲೆ ಕರಗುವ ಕೊಬ್ಬು. ನಾನು ಜನ್ಮದಲ್ಲಿ ತಿನ್ನದ ವಸ್ತು. ಅದರ ರುಚಿ ಉಪ್ಪೋ, ಸಿಹಿಯೋ, ನಾಲಿಗೆಯ ಯಾವ ಭಾಗಕ್ಕೆ ಮೊದಲು ತಾಗುತ್ತದೆ, ಎಲ್ಲವೂ ಗೊತ್ತಿರುವ ಹಾಗೆ ಬಾಯಿ ಸಿದ್ಧವಾಗುತ್ತದೆ. ಪಕ್ಕದ ಸೀಟಿನ ಕಡೆ ನೋಡುವುದಿಲ್ಲ. ಒಂದು ದಿನ ನೋಡಿದೆ. ಲಂಚ್ ಬ್ಯಾಗ್ ಇತ್ತು, ಅಷ್ಟೇ. ಅಂಕಿ-ಅಂಶ ಓದಿದವಳು ನಾನು. ದಿನಾ ಅದೇ ತಿರುವಿನಲ್ಲಿ ಅದೇ ಮಾತು ಕೇಳಿದ್ದರಿಂದ ಬಂದ ಅಭ್ಯಾಸ ಎಂದು ನನಗೆ ನಾನೇ ವಿವರಿಸಿಕೊಳ್ಳಬಲ್ಲೆ. ವಿವರಿಸಿಕೊಂಡ ಮೇಲೂ ನುಂಗುತ್ತೇನೆ.

ಆ ವರ್ಷ ಅಮ್ಮ ವಿಸಿಟರ್ ವೀಸಾದಲ್ಲಿ ನಮ್ಮಲ್ಲಿಗೆ ಬಂದಿದ್ದಳು. ಮಹಾಲಯ ಅಮಾವಾಸ್ಯೆ ಬಂತು. ಅಪ್ಪನಿಗೆ ಎಡೆ ಇಡಬೇಕು. ಅಪ್ಪನಿಗೆ ಏನು ಇಷ್ಟ ಎಂದು ಅಮ್ಮನನ್ನು ಕೇಳಬೇಕಾದದ್ದೇ ಇಲ್ಲ. ಮುದ್ದೆ, ಕೋಳಿ ಸಾರು, ಅಂಚು ಕೆಂಪಗಾದ ಕಜ್ಜಾಯ, ಉದ್ದಿನ ವಡೆ. ಒಂದು ಕಟ್ಟು ಬೀಡಿಯನ್ನು ಮಂಡ್ಯದಿಂದಲೇ ಸೀರೆಯ ಮಡಿಕೆಯಲ್ಲಿ ಇಟ್ಟುಕೊಂಡು ತಂದಿದ್ದಳು.

"ಅಮ್ಮಾ, ಇನ್ನೊಂದು ಎಲೆ ಹಾಕೋಣ," ಅಂದೆ. ಯಾರಿಗೆ ಎಂದು ಹೇಳಿದೆ. ಆಟದ ಕಥೆಯನ್ನೂ ಹೇಳಿದೆ.

"ಚೀನಾದೋಳಿಗಾ? ಅವ್ಳಿಗೆ ಮಕ್ಕಳಿಲ್ವಾ?"

"ಮಗಳಿದ್ದಾಳೆ."

"ಮತ್ತೆ ನಾವ್ಯಾಕೆ ಇಕ್ಕೋದು? ಅವ್ರಲ್ಲಿ ಇಕ್ಕಲ್ವಾ?"

"ಇಕ್ಕುತ್ತಾರಂತೆ, ಗೋರಿ ಮುಂದೆ. ಆದ್ರೆ ಏನಿಕ್ಕಬೇಕು ಅಂತ ಮಗಳಿಗೆ ಗೊತ್ತಿಲ್ಲ."

"ನಿಂಗೆ ಗೊತ್ತಾ?"

"ಇಲ್ಲ."

"ಚೆನ್ನಾಗದೆ," ಎಂದು ಅಮ್ಮ ಮೊಸರು ಕಡೆಯುವುದನ್ನು ನಿಲ್ಲಿಸಿದಳು. "ಅವ್ರು ಏನ್ ತಿಂ‌ತಿದ್ರು ಹೇಳು."

"ಹಂದಿಕೊಬ್ಬಿನ ಅನ್ನದ ಮಾತು ಆಡೋರು..."

"ಥೂ! ನಿಮ್ಮಪ್ಪನ ಎಡೆ ಪಕ್ಕದಲ್ಲಾ? ಅವ್ರು ಎದ್ದು ಹೊಂಟೋಯ್ತಾರೆ ಅಷ್ಟೇಯ."

"ಸುಟ್ಟ ಗೆಣಸು?"

ಅಮ್ಮನ ಮುಖ ಸಡಿಲವಾಯಿತು. "ಗೆಣಸಾದ್ರೆ ನಮ್ಮೋರೇ ಬಿಡು. ಮಡಗು."

ಅಮ್ಮ ಗ್ಯಾಸ್ ಒಲೆಯ ಉರಿಯ ಮೇಲೆಯೇ ಗೆಣಸು ಸುಟ್ಟಳು. ಹೊಗೆಗೆ ಸ್ಮೋಕ್ ಅಲಾರಂ ಕೂಗಿಕೊಂಡಿತು. "ಇದಕ್ಕೂ ಬಾಯಿ ಚಪಲ," ಎಂದು ಅಮ್ಮ ಟವೆಲ್ ಬೀಸಿದಳು. ಎಲೆಗೆ ಗೆಣಸು, ಬಿಳಿ ಬನ್ನು ಇಟ್ಟೆ. ಕೊನೆಗೆ ಲ್ಯಾಬಿನಿಂದ ತಂದಿದ್ದ ಸಪ್ಪೆ ಬಿಸ್ಕತ್ತು.

"ಬಿಸ್ಕತ್ತು ಇಕ್ತಾರೇನೇ ಎಡೆಗೆ? ಉಪ್ಪಿಲ್ಲ, ಸಕ್ಕರೆ ಇಲ್ಲ."

"ಇರಲಿ ಅಮ್ಮ. ಬ್ಯಾಗಲ್ಲಿ ಇಟ್ಕೊಳ್ಳೋರು."

ಪೂಜೆ ಮುಗಿಸಿ ಎರಡೂ ಎಲೆಗಳನ್ನು ಮನೆಯ ಹಿಂದಿನ ಮರದ ಡೆಕ್ಕಿನ ಕಟ್ಟೆಯ ಮೇಲೆ ಇಟ್ಟೆವು. ಇಲ್ಲಿನ ಕಾಗೆ ನಮ್ಮ ಊರಿನದಕ್ಕಿಂತ ದಪ್ಪ. ಮೇಪಲ್ ಮರದಿಂದ ಒಂದು ಇಳಿದು ಬಂದು ಅಪ್ಪನ ಎಲೆಯ ವಡೆ ಎತ್ತಿಕೊಂಡು ಹೋಯಿತು. "ನೋಡು, ವಡೆಗೇ ಮೊದ್ಲು ಕೈ. ಅವತ್ತೂ ಹಂಗೇ," ಎಂದು ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇನ್ನೊಂದು ಎಲೆಯ ಹತ್ತಿರ ಕಾಗೆ ಬಂತು, ಕತ್ತು ಓರೆ ಮಾಡಿ ನೋಡಿತು, ಮುಟ್ಟಲಿಲ್ಲ. ಮತ್ತೆ ಬಂತು. ಮುಟ್ಟಲಿಲ್ಲ.

"ಏನೋ ಉಳಿಸ್ಕೊಂಡು ಹೋಗವ್ರೆ," ಅಂದಳು ಅಮ್ಮ. ಈಗ ಅವಳ ದನಿಯಲ್ಲಿ ಚೀನಾದವಳು ನಮ್ಮವಳು ಎಂಬ ಭೇದ ಇರಲಿಲ್ಲ. "ನಿಮ್ಮಜ್ಜಿ ಸತ್ತಾಗ್ಲೂ ಹಿಂಗೇ. ಕೊನೆಗೆ ನಿಮ್ಮಪ್ಪ, ಹಸ ಮಾರಲ್ಲ ಕಣವ್ವ ಅಂದ್ಮೇಲೇ ಮುಟ್ಟಿದ್ದು. ಕೇಳು, ಏನ್ ಬೇಕು ಅಂತ. ಬಾಯ್ಬಿಟ್ಟು ಕೇಳ್ಬೇಕು."

ಪಕ್ಕದ ಡೆಕ್ಕಿನಲ್ಲಿ ಯಾರೋ ಗ್ರಿಲ್ ತೊಳೆಯುತ್ತಿದ್ದರು. ನಾನು ಕಟ್ಟೆಯ ಹತ್ತಿರ ಹೋಗಿ ಕೇಳಿದೆ. "ಶ್ಯಾಂಗ್ ಛಿ ಶಾ?"

"ಏನೇ ಅದು, ಛೀ ಅಂತೀಯಾ?"

"ಏನು ತಿನ್ನೋ ಆಸೆ ಅಂತ."

"ಹಂಗಾದ್ರೆ ಇನ್ನೂ ಜೋರಾಗಿ ಕೇಳು."

ಜೋರಾಗಿ ಕೇಳಿದೆ. ಕಾಗೆ ಮರದಲ್ಲೇ ಕೂತಿತ್ತು. ಆ ಮರದ ಕಡೆಯಿಂದ ಒಂದು ಉತ್ತರ ಬರುತ್ತದೆಂದು ನಾನು ನಿಜವಾಗಿಯೂ ಕಾದೆ. ಅವರ ಮಗಳು ತನ್ನ ಅಮ್ಮನ ಬಗ್ಗೆ ಫೋನಿನಲ್ಲಿ ಹೇಳಿದ್ದು ನೆನಪಾಯಿತು: ನನ್ನ ಮುಂದೆ ಒಂದು ದಿನವೂ ಇದು ಬೇಕು ಅಂದವಳಲ್ಲ.

ತಿರುಗಿ ನೋಡಿದೆ. ಅಮ್ಮ ಮೆಟ್ಟಿಲ ಮೇಲೆ ಕೂತು, ಉಳಿದ ಗೆಣಸಿನ ಕರಕಲು ಸಿಪ್ಪೆಯನ್ನು ಮುಂದಿನ ಹಲ್ಲಿನಿಂದ ಕೆರೆದು ತಿನ್ನುತ್ತಿದ್ದಳು. ನಾನು ನೋಡಿದ್ದನ್ನು ಕಂಡು, "ಎಸಿಯೋದ್ಯಾಕೆ ಅಂತ," ಅಂದಳು. ನಲವತ್ತು ವರ್ಷ ಎಲ್ಲರಿಗೂ ಕೇಳಿ ಕೇಳಿ ಬಡಿಸಿದವಳು. ನಿಂಗೇನು ಮಾಡ್ಕೊಳ್ತೀಯಾ ಎಂದರೆ "ನಂಗೇನಾದ್ರೂ ಆಯ್ತದೆ ಬಿಡು" ಅನ್ನುವವಳು. ಗೆಣಸು ಅವಳ ಆಸೆಯೋ, ಬರೀ ಅಭ್ಯಾಸವೋ? ನನಗೆ ಗೊತ್ತಿಲ್ಲ. ಅಪ್ಪನ ಬೀಡಿಯ ಬ್ರ್ಯಾಂಡ್ ಗೊತ್ತು.

"ಅಮ್ಮಾ," ಅಂದೆ. "ನಿನ್ನ ಎಡೆಗೆ ಏನಿಕ್ಕಲಿ?"

ಕೇಳಬಾರದ ಮಾತು. ಅಮಾವಾಸ್ಯೆಯ ದಿನ, ಎದುರಿಗೆ ಕೂತ ತಾಯಿಯನ್ನು ಕೇಳಬಾರದ ಮಾತು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅಮ್ಮ ಸಿಪ್ಪೆಯನ್ನು ಬಾಯಿಂದ ತೆಗೆದು ಅಂಗೈಯಲ್ಲಿ ಇಟ್ಟುಕೊಂಡು ನೋಡಿದಳು. "ಬಿಸ್ಲು ಬತ್ತಾ ಅದೆ," ಎಂದು ಎದ್ದು ಒಳಗೆ ಹೋದಳು. ನಾನು ಹಿಂದೆಯೇ ಹೋದೆ. ಮತ್ತೆ ಹೊರಗೆ ಬಂದು ನೋಡಿದಾಗ ಗೆಣಸು ಇತ್ತು, ಬನ್ನು ಇತ್ತು, ಬಿಸ್ಕತ್ತು ಇರಲಿಲ್ಲ. ಅಳಿಲು ಇರಬಹುದು. ಗಾಳಿ ಇರಬಹುದು. ಕಟ್ಟೆಯ ಕೆಳಗೆಲ್ಲ ಹುಡುಕಿದೆ.

ಅಮ್ಮ ಮಂಡ್ಯಕ್ಕೆ ಹಿಂತಿರುಗಿದ್ದಾಳೆ. ಭಾನುವಾರ ಭಾನುವಾರ ವಿಡಿಯೋ ಕಾಲ್ ಮಾಡುತ್ತೇನೆ. ಚಿಕ್ಕಪ್ಪ ಬಂದಿದ್ದರು, ಅವರಿಗೆ ಕಾಲು ಸೂಪು ಮಾಡಿದೆ ಅನ್ನುತ್ತಾಳೆ. ಪಕ್ಕದ ಮನೆಯ ಬಸುರಿಗೆ ಹುಣಸೆ ತೊಕ್ಕು ಕೊಟ್ಟೆ ಅನ್ನುತ್ತಾಳೆ. ಯಾರ ಬಾಯಿಗೆ ಏನು ಬೇಕು ಎಂಬುದೆಲ್ಲ ಅವಳಿಗೆ ಗೊತ್ತು. ನಾನು ಕೇಳುತ್ತಾ, ಅವಳ ಬಾಯಿಯನ್ನೇ ನೋಡುತ್ತಿರುತ್ತೇನೆ.

ಮೊನ್ನೆ ಮತ್ತೆ ಕೇಳಿದೆ. "ನೆಟ್‌ವರ್ಕ್ ಸರಿ ಇಲ್ಲ ಕಣೆ, ಏನಂದೆ?" ಅಂದಳು. ಇನ್ನೊಮ್ಮೆ ಕೇಳಿದೆ. ಈ ಸಲ ಕೇಳಿಸಿತು, ಏಕೆಂದರೆ ಅಮ್ಮ ಕಣ್ಣು ಮುಚ್ಚಿದಳು. ತುಟಿ ಸ್ವಲ್ಪ ಬಿಚ್ಚಿಕೊಂಡಿತು. ಅಷ್ಟರಲ್ಲಿ ಕುಕ್ಕರ್ ಕೂಗಿತು. "ಇರು, ಬಂದೆ," ಎಂದು ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಎದ್ದಳು. ಪರದೆಯ ಮೇಲೆ ಅಡುಗೆಮನೆಯ ಖಾಲಿ ಗೋಡೆ. ನಾನು ಕಾಲ್ ಕಟ್ ಮಾಡಲಿಲ್ಲ, ಕಾದೆ. ಬಂದವಳು ಚಿಕ್ಕಪ್ಪನ ಮಾತು ತೆಗೆದಳು.

ನಿನ್ನ ಎಡೆಗೆ ಏನಿಕ್ಕಲಿ, ಅಮ್ಮಾ?